ಇಂಗ್ಲಿಷ್ ಪ್ರಶ್ನೋತ್ತರ: ಟು ಹಾಕಬೇಕೋ, ಇಂಗ್ ಹಾಕಬೇಕೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟನ್ನು ಬಿಡಿಸಿಕೊಡಿ ಎನ್ನುತ್ತವೆ. ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಬಂದಾಗ ಎರಡನೆಯದು 'ಟು ಗೋ' ಆಗಬೇಕೋ, 'ಗೋಯಿಂಗ್' ಆಗಬೇಕೋ? ವ್ಯಾಕರಣದಲ್ಲಿ ಟು ಇರುವುದಕ್ಕೆ ಇನ್‌ಫಿನಿಟಿವ್ ಎಂದೂ ಇಂಗ್ ಇರುವುದಕ್ಕೆ ಜೆರಂಡ್ ಎಂದೂ ಹೆಸರು. ಕೆಳಗಿನ ಉತ್ತರಗಳಲ್ಲಿ ಟು-ರೂಪ, ಇಂಗ್-ರೂಪ ಎಂದೇ ಕರೆದಿದ್ದೇವೆ.

ಪ್ರಶ್ನೆ: ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಗೈಡಿನಲ್ಲಿ ಎರಡು ಉದ್ದನೆಯ ಪಟ್ಟಿಗಳಿವೆ, ಒಂದು ಜೆರಂಡ್ ಬೇಡುವ ಕ್ರಿಯಾಪದಗಳದ್ದು, ಇನ್ನೊಂದು ಇನ್‌ಫಿನಿಟಿವ್ ಬೇಡುವವುಗಳದ್ದು. ರಾತ್ರಿ ಬಾಯಿಪಾಠ ಮಾಡುತ್ತಾಳೆ, ಬೆಳಗಾದರೆ ಎರಡೂ ಕಲಸಿಹೋಗಿರುತ್ತವೆ. ಇದಕ್ಕೊಂದು ನಿಯಮ ಇಲ್ಲವೇ?
ಡೊಂಬಿವಲಿಯ ತಾಯಿಯೊಬ್ಬರು

ಎಲ್ಲ ಕ್ರಿಯಾಪದಗಳಿಗೂ ಹೊಂದುವ ಒಂದೇ ನಿಯಮ ಇಲ್ಲ. ಆದರೆ ಪಟ್ಟಿಯ ಬಹುಪಾಲು ನಿಮ್ಮ ಮಗಳಿಗೆ ಆಗಲೇ ಗೊತ್ತಿದೆ. ಗೊತ್ತಿರುವುದು ಕನ್ನಡದಲ್ಲಿ, ಅಷ್ಟೇ. ಅದನ್ನು ಹೊರಗೆ ತೆಗೆಯಬೇಕು.

'ಟು' ಎಂಬ ಪದಕ್ಕೆ ಮೂಲದಲ್ಲಿ 'ಕಡೆಗೆ' ಎಂದರ್ಥ. ನಮ್ಮ 'ಹೋಗೋಕೆ' ಎಂಬುದು 'ಹೋಗುವುದಕ್ಕೆ' ಸವೆದು ಆದದ್ದು, ಅದರ ಕೊನೆಯಲ್ಲಿರುವುದು ಚತುರ್ಥಿಯ 'ಕ್ಕೆ'. ಇನ್ನೂ ಆಗದ ಕೆಲಸದ ಕಡೆಗೆ ಬೆರಳು ತೋರಿಸಲು ಎರಡೂ ಭಾಷೆಗಳು ಒಂದೇ ದಾರಿ ಹಿಡಿದಿವೆ. ಹಾಗಾಗಿ ಬಯಸುವ, ನಿರೀಕ್ಷಿಸುವ, ಒಪ್ಪುವ, ನಿರಾಕರಿಸುವ, ಮಾತು ಕೊಡುವ ಕ್ರಿಯಾಪದಗಳಿಗೆ ಟು ಬರುತ್ತದೆ: ವಾಂಟ್, ಹೋಪ್, ಎಕ್ಸ್‌ಪೆಕ್ಟ್, ಪ್ಲ್ಯಾನ್, ಅಗ್ರೀ, ರೆಫ್ಯೂಸ್, ಪ್ರಾಮಿಸ್, ಆಫರ್. ನಡೆಯುತ್ತಿರುವ ಅಥವಾ ನಡೆದುಹೋದ ಕೆಲಸವನ್ನು ಒಂದು ವಸ್ತುವಿನಂತೆ ಕೈಯಲ್ಲಿ ಹಿಡಿದು ಮಾತಾಡುವಾಗ ಇಂಗ್: ಫಿನಿಶ್, ಕೀಪ್, ಗಿವ್ ಅಪ್, ಮಿಸ್, ಅಡ್ಮಿಟ್, ಡಿನೈ.

ಪರೀಕ್ಷಿಸುವ ಕ್ರಮ ಹೀಗೆ. ವಾಕ್ಯವನ್ನು ಮೊದಲು ಮನೆಯ ಕನ್ನಡದಲ್ಲಿ ಜೋರಾಗಿ ಹೇಳಿಸಿ, ಪುಸ್ತಕದ ಕನ್ನಡ ಬೇಡ. 'ಹೋಗೋಕೆ' ಎಂದು ಬಂದರೆ ಟು. ಮನೆಯ ಮಾತು ಮಂಗಳೂರು ಕಡೆಯದಾದರೆ ಅದೇ 'ಹೋಗ್ಲಿಕ್ಕೆ' ಆಗುತ್ತದೆ, ಹುಬ್ಬಳ್ಳಿ-ಬಾಗಲಕೋಟೆ ಕಡೆಯದಾದರೆ 'ಹೋಗಾಕ', ಬರಹದಲ್ಲಿ 'ಹೋಗಲು'. 'ಹೋಗ್ತೀನಿ ಅಂತ', 'ಹೋಗಬೇಕು ಅಂತ' ಎಂದು ಬಂದರೂ ಸಾಮಾನ್ಯವಾಗಿ ಟು. 'ಹೋಗೋದು', 'ಹೋಗಿದ್ದು', 'ಹೋಗ್ತಾ' ಎಂದು ಬಂದರೆ ಇಂಗ್.

'ಹೋಗೋಕೆ ಒಪ್ಪಿದ': 'ಅಗ್ರೀಡ್ ಟು ಗೋ'. 'ಕದ್ದಿದ್ದು ಒಪ್ಪಿಕೊಂಡ': 'ಅಡ್ಮಿಟೆಡ್ ಸ್ಟೀಲಿಂಗ್'. ಕನ್ನಡದಲ್ಲಿ ಒಪ್ಪುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಇಂಗ್ಲಿಷ್ ಅದಕ್ಕೆ ಎರಡು ಬೇರೆ ಪದಗಳನ್ನೇ ಇಟ್ಟುಕೊಂಡಿದೆ. 'ಬರ್ತೀನಿ ಅಂತ ಮಾತು ಕೊಟ್ಟ': 'ಪ್ರಾಮಿಸ್ಡ್ ಟು ಕಮ್'. 'ಕೇಳ್ತಾನೇ ಇದ್ದ': 'ಕೆಪ್ಟ್ ಆಸ್ಕಿಂಗ್'. 'ಓದಿ ಮುಗಿಸಿದೆ': 'ಫಿನಿಶ್ಡ್ ರೀಡಿಂಗ್'. 'ಕುಡಿಯೋದು ಬಿಟ್ಟ': 'ಗೇವ್ ಅಪ್ ಡ್ರಿಂಕಿಂಗ್'.

ಇನ್ನು ಕನ್ನಡ ದಾರಿ ತಪ್ಪಿಸುವ ಜಾಗಗಳು. ಬಾಯಿಪಾಠ ಬೇಕಾಗಿರುವುದು ಇವಕ್ಕೆ ಮಾತ್ರ. 'ಊರಿಗೆ ಹೋಗಬೇಕು ಅಂತ ಯೋಚನೆ ಮಾಡ್ತಿದ್ದೀನಿ' ಎಂಬುದಕ್ಕೆ 'ಕನ್ಸಿಡರಿಂಗ್ ಟು ಗೋ' ತಪ್ಪು, 'ಕನ್ಸಿಡರಿಂಗ್ ಗೋಯಿಂಗ್' ಸರಿ. 'ಓದೋಕೆ ಇಷ್ಟ' ಎನ್ನುವ ಮಕ್ಕಳು 'ಎಂಜಾಯ್ ಟು ರೀಡ್' ಎಂದು ಬರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಬೆಳೆದ ಮಕ್ಕಳಿಗೆ ಇದು ಎರಡು ಕಡೆಯಿಂದ ಎಳೆತ, ಏಕೆಂದರೆ ಮರಾಠಿಯ 'ವಾಚಾಯಲಾ ಆವಡತಂ' ಕೂಡ ಅದೇ ಅಚ್ಚಿನದು. ಎಂಜಾಯ್‌ಗೆ ಇಂಗ್ ಮಾತ್ರ: 'ಎಂಜಾಯ್ ರೀಡಿಂಗ್'. 'ಕಲಿಯೋಕೆ ಆಸಕ್ತಿ' ಎಂದರೆ 'ಇಂಟರೆಸ್ಟೆಡ್ ಇನ್ ಲರ್ನಿಂಗ್'. 'ಮನೆ ಹುಡುಕೋಕೆ ಕಷ್ಟ ಆಯ್ತು' ಎಂದರೆ 'ಹ್ಯಾಡ್ ಡಿಫಿಕಲ್ಟಿ ಫೈಂಡಿಂಗ್ ದ ಹೌಸ್'. 'ಮಾಡೋಕೆ ಯಶಸ್ವಿಯಾದ' ಎಂದರೆ 'ಸಕ್ಸೀಡೆಡ್ ಇನ್ ಡೂಯಿಂಗ್'. ಸಜೆಸ್ಟ್, ಮೈಂಡ್ ಎರಡೂ ಇದೇ ಗುಂಪಿನವು, ಮುಂದೆ ಬರುತ್ತವೆ. ಉಲ್ಟಾ ತಪ್ಪಿಸುವವು ಮುಖ್ಯವಾಗಿ ಎರಡು: 'ಈಜೋದು ಕಲಿತ' ಎಂಬುದು 'ಲರ್ನ್ಡ್ ಟು ಸ್ವಿಮ್', 'ಹೋಗೋದು ಅಂತ ತೀರ್ಮಾನಿಸಿದ್ವಿ' ಎಂಬುದು 'ಡಿಸೈಡೆಡ್ ಟು ಗೋ'.

ಪಟ್ಟಿ ಕಲಸಿಹೋಗಲು ಕಾರಣ, ಅದರಲ್ಲಿ ಬಿಡಿ ಪದಗಳಿರುವುದು. 'ಅವಾಯ್ಡ್' ಎಂದಷ್ಟೇ ಕಲಿತರೆ ಅದರ ಬಾಲ ಯಾವುದೆಂದು ನೆನಪಿರುವುದಿಲ್ಲ. 'ಅವಾಯ್ಡ್ ಟ್ರಾವೆಲಿಂಗ್ ಅಟ್ ಪೀಕ್ ಅವರ್ಸ್' ಎಂದು ತುಣುಕಾಗಿಯೇ ಕಲಿಸಿ. ದಿನಕ್ಕೆ ನಾಲ್ಕು ತುಣುಕು ಸಾಕು. ಬಾಯಲ್ಲಿ ಹೇಳಿ, ಮರುದಿನ ಪುಸ್ತಕ ನೋಡದೆ ಬರೆಯಲಿ.

ಪ್ರಶ್ನೆ: ಹಿಂಜವಾಡಿಯ ಐಟಿ ಕಂಪನಿಯಲ್ಲಿದ್ದೇನೆ. ಕ್ಲೈಂಟಿಗೆ 'ಐ ಲುಕ್ ಫಾರ್ವರ್ಡ್ ಟು ಮೀಟ್ ಯು' ಎಂದು ಬರೆದೆ. ಮ್ಯಾನೇಜರ್ 'ಮೀಟಿಂಗ್' ಎಂದು ತಿದ್ದಿದರು. ಟು ಬಂದ ಮೇಲೆ ಇಂಗ್ ಹೇಗೆ ಬರುತ್ತದೆ? 'ಐ ಸಜೆಸ್ಟ್ ಯು ಟು ರೀಸ್ಟಾರ್ಟ್ ದ ಸರ್ವರ್' ಎಂಬುದಕ್ಕೂ ಅಡಿಗೆರೆ ಎಳೆದಿದ್ದಾರೆ.
ಪುಣೆಯ ಓದುಗರು

ಎರಡು ತಿದ್ದುಪಡಿಯೂ ಸರಿ. ಇಂಗ್ಲಿಷಿನಲ್ಲಿ ಟು ಎರಡಿವೆ. ಒಂದು ಇನ್‌ಫಿನಿಟಿವ್‌ನ ಗುರುತು, ಇನ್ನೊಂದು ಇನ್, ಆನ್, ಫಾರ್‌ಗಳ ಸಾಲಿನ ಪ್ರಿಪೊಸಿಷನ್. ಪ್ರಿಪೊಸಿಷನ್ ಮುಂದೆ ಕ್ರಿಯಾಪದ ಬಂದರೆ ಅದು ಇಂಗ್ ತೊಟ್ಟೇ ಬರುತ್ತದೆ: 'ವಿದೌಟ್ ಆಸ್ಕಿಂಗ್', 'ಬಿಫೋರ್ ಲೀವಿಂಗ್', 'ಇನ್ಸಿಸ್ಟ್ ಆನ್ ಪೇಯಿಂಗ್'.

ಯಾವ ಟು ಎಂದು ತಿಳಿಯಲು ಅದರ ಮುಂದೆ ಒಂದು ನಾಮಪದ ಇಟ್ಟು ನೋಡಿ. 'ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ' ಕಿವಿಗೆ ಸರಿಯಾಗಿದೆ, ಅಂದಮೇಲೆ ಇದು ಪ್ರಿಪೊಸಿಷನ್, ಕ್ರಿಯಾಪದ ಬಂದರೆ ಇಂಗ್ ಬೇಕು. 'ಐ ವಾಂಟ್ ಟು ಯುವರ್ ರಿಪ್ಲೈ' ನಿಲ್ಲುವುದಿಲ್ಲ, ಆದ್ದರಿಂದ ಅಲ್ಲಿ 'ಟು ಮೀಟ್'. ಕಚೇರಿ ಪತ್ರಗಳಲ್ಲಿ ಈ ಗುಂಪಿನವು ಪದೇ ಪದೇ ಬರುತ್ತವೆ: 'ಕಮಿಟೆಡ್ ಟು ಡೆಲಿವರಿಂಗ್', 'ಆಬ್ಜೆಕ್ಟ್ ಟು ಪೇಯಿಂಗ್', 'ಇನ್ ಅಡಿಷನ್ ಟು ಟೆಸ್ಟಿಂಗ್', 'ಪ್ರಯರ್ ಟು ಜಾಯಿನಿಂಗ್', 'ವಿತ್ ಎ ವ್ಯೂ ಟು ರಿಡ್ಯೂಸಿಂಗ್'.

ಇದೇ ಕಾರಣಕ್ಕೆ 'ಯೂಸ್ಡ್ ಟು' ಕೂಡ ಎರಡು. 'ಐ ಯೂಸ್ಡ್ ಟು ಲಿವ್ ಇನ್ ಧಾರವಾಡ್' ಎಂದರೆ ಹಿಂದೆ ಇರುತ್ತಿದ್ದೆ, ಈಗ ಇಲ್ಲ. 'ಐ ಆಮ್ ಯೂಸ್ಡ್ ಟು ಲಿವಿಂಗ್ ಇನ್ ಪುಣೆ' ಎಂದರೆ ಇಲ್ಲಿರುವುದು ರೂಢಿಯಾಗಿದೆ. ನಡುವೆ 'ಆಮ್', 'ಈಸ್', 'ಗೆಟ್' ಇದ್ದರೆ ಎರಡನೆಯದು. ಸಂದರ್ಶನದಲ್ಲಿ 'ಐ ಆಮ್ ಯೂಸ್ಡ್ ಟು ವರ್ಕ್ ಅಂಡರ್ ಪ್ರೆಷರ್' ಎಂದರೆ ಎರಡರ ಕಲಬೆರಕೆಯಾಗುತ್ತದೆ.

ಇನ್ನು ಸಜೆಸ್ಟ್. ಇದರ ಬೆನ್ನಿಗೆ ವ್ಯಕ್ತಿ ಮತ್ತು ಟು ಬರುವಂತಿಲ್ಲ. 'ಐ ಸಜೆಸ್ಟ್ ರೀಸ್ಟಾರ್ಟಿಂಗ್ ದ ಸರ್ವರ್' ಅನ್ನಿ, ಇಲ್ಲವೇ 'ಐ ಸಜೆಸ್ಟ್ ದಟ್ ಯು ರೀಸ್ಟಾರ್ಟ್ ದ ಸರ್ವರ್' ಅನ್ನಿ. ಈ ಎರಡನೆಯದರಲ್ಲಿ 'ದಟ್' ಬಿಟ್ಟರೂ ನಡೆಯುತ್ತದೆ, ಟು ಮಾತ್ರ ಕೂಡದು. ವ್ಯಕ್ತಿಯನ್ನು ಹೆಸರಿಸಿ ಟು ಹಾಕಲೇಬೇಕೆಂದಿದ್ದರೆ ಕ್ರಿಯಾಪದವನ್ನೇ ಬದಲಿಸಿ: 'ಐ ಅಡ್ವೈಸ್ ಯು ಟು ರೀಸ್ಟಾರ್ಟ್'. ಅಡ್ವೈಸ್, ಅಲೋ, ಪರ್ಮಿಟ್ ಈ ಮೂರಕ್ಕೆ ಒಂದೇ ನಡೆ. ಯಾರಿಗೆ ಎಂದು ಹೇಳಿದರೆ ಟು, ಹೇಳದಿದ್ದರೆ ಇಂಗ್. 'ವಿ ಡು ನಾಟ್ ಅಲೋ ವಿಸಿಟರ್ಸ್ ಟು ಪಾರ್ಕ್ ಹಿಯರ್', 'ವಿ ಡು ನಾಟ್ ಅಲೋ ಪಾರ್ಕಿಂಗ್ ಹಿಯರ್'. ಸೊಸೈಟಿಯ ಗೇಟಿಗೆ ಬೋರ್ಡು ಬರೆಸುವವರೂ ಇದನ್ನು ಗಮನಿಸಬೇಕು.

ಪ್ರಶ್ನೆ: ವಾಸ್ಕೋದ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ. ವಿದೇಶಿ ಅತಿಥಿಯೊಬ್ಬರು 'ಐ ರಿಮೆಂಬರ್ ಲೀವಿಂಗ್ ದ ಕೀ ವಿತ್ ಯು' ಎಂದರು. ಕೀ ಕೊಟ್ಟು ಹೋಗುತ್ತಾರೆ ಅಂದುಕೊಂಡು ನಾನು 'ಥ್ಯಾಂಕ್ಯೂ ಸರ್' ಎಂದೆ. ಅವರಿಗೆ ಸಿಟ್ಟು ಬಂತು. ರಿಮೆಂಬರ್‌ಗೆ ಟು ಹಾಕಿದರೂ ಇಂಗ್ ಹಾಕಿದರೂ ಒಂದೇ ಅಲ್ಲವೇ? ನಮ್ಮೂರು ಬಾಗಲಕೋಟೆ.
ವಾಸ್ಕೋದ ಓದುಗರು

ಒಂದೇ ಅಲ್ಲ. ಅವರು ಹೇಳಿದ್ದು 'ಕೀ ನಿಮ್ಮ ಹತ್ರ ಕೊಟ್ಟಿದ್ದು ನನಗೆ ನೆನಪೈತಿ' ಎಂದು. ಕೀ ಆಗಲೇ ನಿಮ್ಮ ಕಡೆಗೆ ಬಂದಿದೆ, ಈಗ ಹುಡುಕಿಕೊಡಬೇಕು ಎಂಬುದು ಅವರ ಮಾತು. 'ಐ ವಿಲ್ ರಿಮೆಂಬರ್ ಟು ಲೀವ್ ದ ಕೀ' ಎಂದಿದ್ದರೆ 'ಮರೀದಂಗ ಕೊಡ್ತೀನಿ' ಎಂದಾಗುತ್ತಿತ್ತು, ಆಗ ನಿಮ್ಮ ಥ್ಯಾಂಕ್ಯೂ ಸರಿಹೊಂದುತ್ತಿತ್ತು.

ಅರ್ಥವೇ ಬದಲಾಗುವ ಇಂಥ ಕ್ರಿಯಾಪದಗಳು ಬೆರಳೆಣಿಕೆಯಷ್ಟಿವೆ, ಮತ್ತು ಎಲ್ಲಕ್ಕೂ ಕನ್ನಡದಲ್ಲಿ ಸ್ಪಷ್ಟ ಜೋಡಿ ಇದೆ. ರಿಮೆಂಬರ್, ಫರ್ಗೆಟ್ ಎರಡಕ್ಕೂ ಬಾಗಿಲ ಚಿಲಕದ ಉದಾಹರಣೆ ಇಟ್ಟುಕೊಳ್ಳಿ. 'ಚಿಲಕ ಹಾಕಾಕ ಮರತೆ': 'ಐ ಫರ್ಗಾಟ್ ಟು ಲಾಕ್', ಚಿಲಕ ಬಿದ್ದಿಲ್ಲ. 'ಚಿಲಕ ಹಾಕಿದ್ದು ನೆನಪೈತಿ': 'ಐ ರಿಮೆಂಬರ್ ಲಾಕಿಂಗ್', ಚಿಲಕ ಬಿದ್ದಿದೆ. 'ಹಾಕಾಕ' ಬಂದಾಗ ನೆನಪು ಮೊದಲು, ಕೆಲಸ ಆಮೇಲೆ. 'ಹಾಕಿದ್ದು' ಬಂದಾಗ ಕೆಲಸ ಮೊದಲು, ನೆನಪು ಆಮೇಲೆ. ಒಂದು ಎಚ್ಚರ: 'ಹಾಕಿದ್ದು ಮರೆತೆ' ಎನ್ನಲು 'ಐ ಫರ್ಗಾಟ್ ಲಾಕಿಂಗ್' ಎಂದು ಇಂಗ್ಲಿಷರು ಸಾಮಾನ್ಯವಾಗಿ ಅನ್ನುವುದಿಲ್ಲ, 'ಐ ಫರ್ಗಾಟ್ ದಟ್ ಐ ಹ್ಯಾಡ್ ಲಾಕ್ಡ್ ಇಟ್' ಎನ್ನುತ್ತಾರೆ. ಫರ್ಗೆಟ್ ಜೊತೆ ಇಂಗ್ ಹೆಚ್ಚಾಗಿ ಕಾಣುವುದು 'ಐ ವಿಲ್ ನೆವರ್ ಫರ್ಗೆಟ್ ಸೀಯಿಂಗ್ ದ ಸೀ' ಎಂಬಂಥ 'ಎಂದೂ ಮರೆಯಲಾರೆ' ವಾಕ್ಯಗಳಲ್ಲಿ.

ಸ್ಟಾಪ್: 'ಸಿಗರೇಟ್ ಸೇದೂದು ನಿಲ್ಲಿಸಿದ' ಎಂದರೆ 'ಸ್ಟಾಪ್ಡ್ ಸ್ಮೋಕಿಂಗ್', 'ಸಿಗರೇಟ್ ಸೇದಾಕ ನಿಂತ' ಎಂದರೆ 'ಸ್ಟಾಪ್ಡ್ ಟು ಸ್ಮೋಕ್'. ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಹೆಚ್ಚು ನಿಖರ. ನಿಲ್ಲುವುದಕ್ಕೂ ನಿಲ್ಲಿಸುವುದಕ್ಕೂ ಬೇರೆ ಬೇರೆ ಕ್ರಿಯಾಪದಗಳೇ ಇರುವುದರಿಂದ ಗೊಂದಲಕ್ಕೆ ಎಡೆಯೇ ಇಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಕೂಡುವುದು ಟ್ರೈ. ಅತಿಥಿಯ ಕೋಣೆಯ ಲಾಕರ್ ತೆರೆಯುತ್ತಿಲ್ಲ ಅನ್ನಿ. 'ತೆಗೆಯಾಕ ನೋಡಿದೆ, ಆಗಲಿಲ್ಲ': 'ಐ ಟ್ರೈಡ್ ಟು ಓಪನ್ ಇಟ್'. ತೆರೆಯುವುದೇ ಕಷ್ಟ, ಪ್ರಯತ್ನ ಮಾತ್ರ ನಡೆದಿದೆ. ಇನ್ನೊಂದು ಸಂದರ್ಭ: ಕೋಣೆಯಲ್ಲಿ ಸೆಕೆ. 'ಕಿಟಕಿ ತೆಗೆದು ನೋಡಿದೆ, ಸೆಕೆ ಕಡಿಮೆ ಆಗಲಿಲ್ಲ': 'ಐ ಟ್ರೈಡ್ ಓಪನಿಂಗ್ ದ ವಿಂಡೋ'. ಕಿಟಕಿ ತೆರೆದದ್ದಾಗಿದೆ, ಫಲ ಸಿಗಲಿಲ್ಲ. 'ಮಾಡಾಕ ನೋಡು' ಎಂದರೆ ಟು, 'ಮಾಡಿ ನೋಡು' ಎಂದರೆ ಇಂಗ್. ಅತಿಥಿಗೆ ಉಪಾಯ ಹೇಳುವಾಗ 'ಟ್ರೈ ಪ್ರೆಸ್ಸಿಂಗ್ ದ ರೆಡ್ ಬಟನ್' ಎನ್ನಬೇಕು. 'ಟ್ರೈ ಟು ಪ್ರೆಸ್' ಎಂದರೆ ಬಟನ್ ಒತ್ತುವುದೇ ದೊಡ್ಡ ಸಾಹಸ ಎಂಬಂತೆ ಕೇಳುತ್ತದೆ.

ಉಳಿದವನ್ನು ಚುಟುಕಾಗಿ ನೋಡಿ. ಆದದ್ದಕ್ಕೆ ಪಶ್ಚಾತ್ತಾಪವಾದರೆ 'ರಿಗ್ರೆಟ್ ಸೇಯಿಂಗ್', ಕೆಟ್ಟ ಸುದ್ದಿ ತಿಳಿಸಲು ವಿಷಾದಿಸುವುದಾದರೆ 'ರಿಗ್ರೆಟ್ ಟು ಇನ್‌ಫಾರ್ಮ್'. ಮಾತಾಡುತ್ತಲೇ ಹೋದರೆ 'ವೆಂಟ್ ಆನ್ ಟಾಕಿಂಗ್', ಒಂದು ಮುಗಿಸಿ ಮುಂದಿನದಕ್ಕೆ ಹೋದರೆ 'ವೆಂಟ್ ಆನ್ ಟು ಟಾಕ್ ಅಬೌಟ್ ದ ಬಿಲ್'. ನೋಯಿಸಬೇಕು ಅಂತ ಇರಲಿಲ್ಲ ಎನ್ನಲು 'ಡಿಡ್ ನಾಟ್ ಮೀನ್ ಟು ಹರ್ಟ್'. 'ಅಂದರೆ' ಎಂಬ ಅರ್ಥ ಬಂದಾಗ ಮೀನ್‌ಗೆ ಇಂಗ್: 'ದಟ್ ಮೀನ್ಸ್ ವೇಟಿಂಗ್ ಟಿಲ್ ನೂನ್'.

ಪ್ರಶ್ನೆ: 'ಐ ಹ್ಯಾವ್ ಕಮ್ ಫಾರ್ ಓಪನಿಂಗ್ ಆನ್ ಅಕೌಂಟ್' ತಪ್ಪೇ?
ಭಾಂಡುಪಿನ ಓದುಗರು

ಅರ್ಥ ತಿಳಿಯುತ್ತದೆ, ಆದರೆ ಸಹಜವಲ್ಲ. ಒಬ್ಬ ವ್ಯಕ್ತಿ ಯಾವ ಉದ್ದೇಶಕ್ಕೆ ಬಂದ, ಹೋದ, ಕರೆ ಮಾಡಿದ ಎನ್ನುವಾಗ ಟು ಸಾಕು: 'ಐ ಹ್ಯಾವ್ ಕಮ್ ಟು ಓಪನ್ ಆನ್ ಅಕೌಂಟ್'. ಫಾರ್ ಮತ್ತು ಇಂಗ್ ಕೂಡುವುದು ಒಂದು ವಸ್ತುವಿನ ಉಪಯೋಗ ಹೇಳುವಾಗ. 'ದಿಸ್ ಫಾರ್ಮ್ ಈಸ್ ಫಾರ್ ಓಪನಿಂಗ್ ಆನ್ ಅಕೌಂಟ್', 'ದಿಸ್ ನೈಫ್ ಈಸ್ ಫಾರ್ ಕಟಿಂಗ್ ಫ್ರೂಟ್'. 'ಫಾರ್ ಟು ಓಪನ್' ಎಂದು ಎರಡನ್ನೂ ಸೇರಿಸುವುದು ಎಲ್ಲೂ ಸರಿಯಲ್ಲ.

ಪ್ರಶ್ನೆ: ನಿಗಡಿಯಲ್ಲಿ ಮನೆಪಾಠ ಹೇಳುತ್ತೇನೆ. ಲೈಕ್, ಸ್ಟಾರ್ಟ್, ಬಿಗಿನ್, ಪ್ರಿಫರ್ ಇವಕ್ಕೆ ಎರಡೂ ಸರಿ ಎಂದು ಮಕ್ಕಳಿಗೆ ಹೇಳಬಹುದೇ? ಪರೀಕ್ಷೆಯಲ್ಲಿ ಜೆರಂಡ್ ಬಳಸಿ ವಾಕ್ಯ ತಿರುಗಿಸಿ ಎಂದಾಗ ಮಕ್ಕಳು ಎಲ್ಲ ಇಂಗ್‌ಗಳನ್ನೂ ಜೆರಂಡ್ ಎನ್ನುತ್ತಾರೆ.
ಪುಣೆಯ ಶಿಕ್ಷಕಿ

ಹೇಳಬಹುದು, ಕೆಲವು ಎಚ್ಚರಿಕೆಗಳ ಜೊತೆಗೆ. 'ವುಡ್ ಲೈಕ್' ಬಂದರೆ ಟು ಮಾತ್ರ: 'ಐ ವುಡ್ ಲೈಕ್ ಟು ಆಸ್ಕ್'. ಸ್ಟಾರ್ಟ್, ಬಿಗಿನ್ ತಾವೇ ಇಂಗ್‌ನಲ್ಲಿದ್ದರೆ ಎರಡನೆಯ ಕ್ರಿಯಾಪದಕ್ಕೆ ಟು: 'ಇಟ್ ಈಸ್ ಸ್ಟಾರ್ಟಿಂಗ್ ಟು ರೇನ್', 'ಸ್ಟಾರ್ಟಿಂಗ್ ರೇನಿಂಗ್' ಅಲ್ಲ. ಅಂಡರ್‌ಸ್ಟ್ಯಾಂಡ್, ರಿಯಲೈಸ್‌ನಂಥ ಮನಸ್ಸಿನೊಳಗಿನ ಕ್ರಿಯೆಗಳಿಗೆ 'ಬಿಗ್ಯಾನ್ ಟು ಅಂಡರ್‌ಸ್ಟ್ಯಾಂಡ್'. ಪ್ರಿಫರ್‌ನಲ್ಲಿ ಹೋಲಿಕೆ ಬಂದಾಗ ಎರಡೂ ಕಡೆ ಒಂದೇ ಅಚ್ಚು ಇರಲಿ: 'ಐ ಪ್ರಿಫರ್ ವಾಕಿಂಗ್ ಟು ಟೇಕಿಂಗ್ ಎ ರಿಕ್ಷಾ'. ಲೈಕ್ ಬಗ್ಗೆ ಒಂದು ಸೂಕ್ಷ್ಮವಿದೆ. ಬ್ರಿಟಿಷ್ ಬಳಕೆಯಲ್ಲಿ 'ಐ ಲೈಕ್ ಟು ಪೇ ಬಿಲ್ಸ್ ಅರ್ಲಿ' ಎಂದರೆ ಬಿಲ್ ಕಟ್ಟುವುದರಲ್ಲಿ ಖುಷಿ ಇದೆ ಎಂದಲ್ಲ, ಹಾಗೆ ಮಾಡುವುದು ಒಳ್ಳೆಯದು ಎಂದು ಅಭ್ಯಾಸ ಮಾಡಿಕೊಂಡಿದ್ದೇನೆ ಎಂದು. ಖುಷಿಗೆ 'ಐ ಲೈಕ್ ಸಿಂಗಿಂಗ್'. ಚಿಕ್ಕ ಮಕ್ಕಳಿಗೆ ಇದನ್ನು ಹೇಳುವ ಅಗತ್ಯವಿಲ್ಲ.

ಜೆರಂಡ್ ಗುರುತಿಸಲು ಅದರ ಜಾಗದಲ್ಲಿ 'ಇಟ್' ಇಡಿಸಿ. 'ಸ್ವಿಮ್ಮಿಂಗ್ ಇನ್ ದ ಸೀ ಇನ್ ಜುಲೈ ಈಸ್ ಡೇಂಜರಸ್' ಎಂಬುದರಲ್ಲಿ ಮೊದಲ ಆರು ಪದಗಳನ್ನು ತೆಗೆದು 'ಇಟ್ ಈಸ್ ಡೇಂಜರಸ್' ಎನ್ನಬಹುದು, ಅದು ಜೆರಂಡ್. 'ಸ್ವಿಮ್ಮಿಂಗ್ ಇನ್ ದ ಸೀ, ಹಿ ಗಾಟ್ ಟೈರ್ಡ್' ಎಂಬಲ್ಲಿ ಹಾಗೆ ಮಾಡಲಾಗದು. ಅದು 'ಈಜುತ್ತಾ' ಎಂಬ ಅರ್ಥದ ಪಾರ್ಟಿಸಿಪಲ್. ನಾಮಪದಕ್ಕಿಂತ ಮೊದಲು ಬರುವ ಇಂಗ್‌ಗೆ ಬೇರೆ ಪರೀಕ್ಷೆ ಬೇಕು: 'ಸ್ಲೀಪಿಂಗ್ ಬ್ಯಾಗ್' ಎಂದರೆ 'ಬ್ಯಾಗ್ ಫಾರ್ ಸ್ಲೀಪಿಂಗ್', ಜೆರಂಡ್. 'ಸ್ಲೀಪಿಂಗ್ ಬಾಯ್' ಎಂದರೆ ಮಲಗಿರುವ ಹುಡುಗ, ಪಾರ್ಟಿಸಿಪಲ್. ತಿರುಗಿಸುವ ಪ್ರಶ್ನೆಯಲ್ಲಿ 'ಇಟ್ ಈಸ್ ಡೇಂಜರಸ್ ಟು ಸ್ವಿಮ್' ಎಂದು ಕೊಟ್ಟಿದ್ದರೆ 'ಸ್ವಿಮ್ಮಿಂಗ್' ಅನ್ನು ಮುಂದಕ್ಕೆ ತಂದು, ಹಳೆಯ 'ಇಟ್' ಮತ್ತು 'ಟು' ಎರಡನ್ನೂ ಅಳಿಸಬೇಕು. 'ಸ್ವಿಮ್ಮಿಂಗ್ ಇಟ್ ಈಸ್ ಡೇಂಜರಸ್' ಎಂದು ಬರೆದು ಅಂಕ ಕಳೆದುಕೊಳ್ಳುವುದು ಅಲ್ಲಿಯೇ.

ಪ್ರಶ್ನೆ: 'ಹಿ ಮೇಡ್ ಮಿ ಟು ವೇಟ್' ತಪ್ಪಾದರೆ 'ಐ ವಾಸ್ ಮೇಡ್ ಟು ವೇಟ್' ಹೇಗೆ ಸರಿ?
ಅಂಧೇರಿಯ ಓದುಗರು

ಮೇಕ್, ಲೆಟ್ ಎರಡಕ್ಕೂ ಟು ಬೇಡ, ಇಂಗ್ ಕೂಡ ಬೇಡ: 'ಮೇಡ್ ಮಿ ವೇಟ್', 'ಲೆಟ್ ಮಿ ಗೋ'. ಮೇಕ್ ಅನ್ನು ಕರ್ಮಣಿಗೆ ತಿರುಗಿಸಿದಾಗ ಮಾತ್ರ ಬಿಟ್ಟುಹೋದ ಟು ಮರಳಿ ಬರುತ್ತದೆ. ಲೆಟ್ ಅನ್ನು ಹಾಗೆ ತಿರುಗಿಸುವ ವಾಡಿಕೆಯಿಲ್ಲ, 'ವಾಸ್ ಅಲೋಡ್ ಟು ಗೋ' ಎನ್ನಬೇಕು. ಹೆಲ್ಪ್‌ಗೆ ಟು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ನೋಡುವ, ಕೇಳುವ ಕ್ರಿಯಾಪದಗಳಿಗೂ ಟು ಇಲ್ಲ. 'ಐ ಸಾ ಹಿಮ್ ಕ್ರಾಸ್ ದ ಟ್ರ್ಯಾಕ್' ಎಂದರೆ ದಾಟಿದ್ದನ್ನು ನೋಡಿದೆ, ಆಚೆ ಮುಟ್ಟುವ ತನಕ. 'ಐ ಸಾ ಹಿಮ್ ಕ್ರಾಸಿಂಗ್' ಎಂದರೆ ದಾಟುತ್ತಾ ಇದ್ದದ್ದನ್ನು ನೋಡಿದೆ, ಮುಟ್ಟಿದನೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಪೊಲೀಸರಿಗೆ ಹೇಳಿಕೆ ಬರೆದುಕೊಡುವಾಗ ಈ ವ್ಯತ್ಯಾಸಕ್ಕೆ ಬೆಲೆ ಇದೆ.

ಪ್ರಶ್ನೆ: ಗ್ಯಾರೇಜಿನಲ್ಲಿ 'ದ ಬೈಕ್ ನೀಡ್ಸ್ ರಿಪೇರಿಂಗ್' ಎಂದು ಬರೆದಿತ್ತು. ನೀಡ್‌ಗೆ ಟು ಅಲ್ಲವೇ?
ಮಾಪುಸಾದ ಓದುಗರು

ಬರೆದದ್ದು ಸರಿ. ಬೈಕ್ ತಾನೇ ರಿಪೇರಿ ಮಾಡುವುದಿಲ್ಲ, ಅದಕ್ಕೆ ಮಾಡಿಸಬೇಕು. ಹಾಗೆ ಕೆಲಸಕ್ಕೆ ಒಳಗಾಗುವ ವಸ್ತು ಕರ್ತೃವಿನ ಜಾಗದಲ್ಲಿದ್ದರೆ 'ನೀಡ್ಸ್ ರಿಪೇರಿಂಗ್' ಅಥವಾ 'ನೀಡ್ಸ್ ಟು ಬಿ ರಿಪೇರ್ಡ್'. ಮಾಡುವ ಮನುಷ್ಯ ಇದ್ದರೆ 'ದ ಮೆಕ್ಯಾನಿಕ್ ನೀಡ್ಸ್ ಟು ರಿಪೇರ್ ಇಟ್'.

ಪ್ರಶ್ನೆ: ಲೋಕಲ್‌ನಲ್ಲಿ ಮೂವರು ಕೂತಿರುವ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂರಲು ಸ್ವಲ್ಪ ಸರಿಯಿರಿ ಎಂದು ಇಂಗ್ಲಿಷಿನಲ್ಲಿ ಮರ್ಯಾದೆಯಿಂದ ಕೇಳುವುದು ಹೇಗೆ? 'ಮೈಂಡ್ ಟು ಮೂವ್' ಎಂದೆ, ಪಕ್ಕದವರು ನಕ್ಕರು.
ಠಾಣೆಯ ಓದುಗರು

ಮೈಂಡ್‌ಗೆ ಇಂಗ್ ಮಾತ್ರ. 'ವುಡ್ ಯು ಮೈಂಡ್ ಮೂವಿಂಗ್ ಎ ಲಿಟಲ್?' ಎಂದರೆ ಸರಿಯುವವರು ಅವರು. 'ವುಡ್ ಯು ಮೈಂಡ್ ಮೈ ಸಿಟಿಂಗ್ ಹಿಯರ್?' ಎಂದರೆ ಕೂರುವವರು ನೀವು. ಈ ಎರಡನೆಯದರಲ್ಲಿ 'ಮೈ' ಬದಲು 'ಮಿ' ಎಂದರೆ ಮಾತಿನಲ್ಲಿ ಸಾಮಾನ್ಯ, ಬರಹದಲ್ಲಿ 'ಮೈ' ಹೆಚ್ಚು ಶಿಷ್ಟ. 'ಮೈ' ಬಿಟ್ಟು 'ವುಡ್ ಯು ಮೈಂಡ್ ಸಿಟಿಂಗ್ ಹಿಯರ್?' ಎಂದರೆ ಅವರನ್ನೇ ಕೂರಲು ಕೇಳಿದ ಹಾಗಾಗುತ್ತದೆ.

ಉತ್ತರ ಕೊಡುವಾಗ ಇನ್ನೂ ಹುಷಾರಾಗಿರಬೇಕು. ಪ್ರಶ್ನೆಯ ಅರ್ಥ 'ನಿಮಗೆ ಅಭ್ಯಂತರವೇ?' ಎಂದು. ನಿಮ್ಮನ್ನು ಯಾರಾದರೂ ಹಾಗೆ ಕೇಳಿದಾಗ, ಜಾಗ ಕೊಡಲು ಒಪ್ಪಿಗೆ ಇದ್ದರೆ 'ನೋ, ನಾಟ್ ಅಟ್ ಆಲ್' ಎನ್ನುತ್ತಾ ಸರಿದುಕೊಳ್ಳಿ. ಕೂತುಕೊಳ್ಳಿ ಎಂಬ ಅರ್ಥದಲ್ಲಿ 'ಯೆಸ್' ಎಂದರೆ, ಕೇಳಿದವರು ಅದನ್ನು 'ಅಭ್ಯಂತರವಿದೆ' ಎಂದು ತಿಳಿದು ನಿಂತೇ ಇರುತ್ತಾರೆ.